‘ಡೇಟಾ ಆಗಲೇ ಹೋಗಿದೆ’ ಅಂತ ನಕ್ಕು ಸುಮ್ಮನಾಗುವುದು ಸರಿಯಾ?

ಹನುಮಂತನಗರದ ಮಗಳು:
ಕಳೆದ ವಾರ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಒಂದು ಸುದ್ದಿ ಹಾಕಿದರು. ಡೇಟಾ ರಕ್ಷಣೆ ಕಾಯ್ದೆಗೆ ನಿಯಮಗಳು ಬಂದಿವೆ, ಇನ್ನು ಮುಂದೆ ನಮ್ಮ ಒಪ್ಪಿಗೆ ಇಲ್ಲದೆ ನಮ್ಮ ಮಾಹಿತಿಯನ್ನು ಬೇಕಾದ ಹಾಗೆ ಬಳಸುವಂತಿಲ್ಲ ಅಂತ. ಅದರ ಕೆಳಗೆ ಬಂದದ್ದೆಲ್ಲ ಬರೀ ನಗು. ‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಅಂತ ಒಬ್ಬರು ಬರೆದರು. ‘ನನ್ನ ನಂಬರ್ ನನ್ನ ಹೆಂಡತಿಗಿಂತ ಸಾಲ ಕೊಡುವವರಿಗೆ ಚೆನ್ನಾಗಿ ನೆನಪಿದೆ’ ಅಂತ ಇನ್ನೊಬ್ಬರು. ಐವತ್ತು ಜನ ನಕ್ಕರು. ಸುದ್ದಿಯನ್ನು ತೆರೆದು ಓದಿದವರು ಯಾರೂ ಇದ್ದ ಹಾಗೆ ಕಾಣಲಿಲ್ಲ.

ನನಗೆ ನಗು ಬರಲಿಲ್ಲ. ಕಾರಣ ಹೇಳುತ್ತೇನೆ. ನಮ್ಮ ಅಪ್ಪ ಮೊದಲ ಸಲ ಬಿಪಿ ಮಾತ್ರೆ ತಂದದ್ದು ನಾಲ್ಕು ತಿಂಗಳ ಹಿಂದೆ. ಬಿಲ್ ಮಾಡುವಾಗ ಅಂಗಡಿಯಲ್ಲಿ ನಂಬರ್ ಕೇಳಿದರು, ಕೊಟ್ಟರು. ಎರಡು ವಾರ ಆದ ಮೇಲೆ ಫೋನ್ ಬರಲು ಶುರುವಾಯಿತು. ‘ಸರ್, ನಿಮಗೆ ಬಿಪಿ ಇದೆಯಲ್ಲ, ಈ ವಯಸ್ಸಿನಲ್ಲಿ ಇನ್ಶೂರೆನ್ಸ್ ಇಲ್ಲದಿದ್ದರೆ ಹೇಗೆ’ ಅಂತ. ಅಂಗಡಿಯಿಂದಲೇ ಹೋಯಿತು ಅಂತ ಹೇಳಲು ನನ್ನ ಹತ್ತಿರ ಸಾಕ್ಷಿ ಇಲ್ಲ. ಆದರೆ ಅಪ್ಪ ಈ ವಿಷಯ ತಮ್ಮ ಸ್ವಂತ ತಮ್ಮನಿಗೂ ಹೇಳಿರಲಿಲ್ಲ. ಫೋನ್ ಇಟ್ಟು, ‘ಅವರಿಗೆ ಹೇಗೆ ಗೊತ್ತಾಯಿತಮ್ಮ’ ಅಂತ ನನ್ನ ಮುಖ ನೋಡಿದರು. ಆ ಮುಖ ಇನ್ನೂ ಕಣ್ಣ ಮುಂದಿದೆ.

‘ಎಲ್ಲ ಆಗಲೇ ಹೋಗಿದೆ ಬಿಡಿ’ ಅಂತ ನಗುತ್ತಾ ನಗುತ್ತಾ ನಾವು ಮುಂದಿನ ಅಂಗಡಿಯಲ್ಲೂ ನಂಬರ್ ಕೊಟ್ಟು ಬರುತ್ತೇವೆ ಅಂತ ನನಗೆ ಅನ್ನಿಸುತ್ತದೆ. ನೀವು ಏನು ಹೇಳುತ್ತೀರಿ?

ರಾಜಾಜಿನಗರ ಕಾರ್ಟೂನು:
ಅಕ್ಕ, ನಿಮ್ಮ ಅಪ್ಪನ ವಿಷಯ ಓದಿ ಬೇಜಾರಾಯಿತು. ಆದರೆ ನಗುವವರ ಮೇಲೆ ಕೋಪ ಬೇಡ. ನಾನು ಚಿತ್ರ ಬರೆಯುವವನು, ಹಾಗಾಗಿ ಈ ಕಡೆ ನಿಂತು ಮಾತಾಡುತ್ತೇನೆ.

ಡಿಜಿಟಲ್ ಕಾನೂನಿನ ಸುದ್ದಿಯನ್ನು ಸಾಮಾನ್ಯ ಜನ ಓದುವುದೇ ಯಾರಾದರೂ ಅದರ ಮೇಲೆ ಜೋಕ್ ಮಾಡಿದಾಗ. 2025ರ ನವೆಂಬರ್ 28ಕ್ಕೆ ದೂರಸಂಪರ್ಕ ಇಲಾಖೆ ಎಲ್ಲ ಹೊಸ ಫೋನಿನಲ್ಲೂ ಸಂಚಾರ್ ಸಾಥಿ ಆ್ಯಪ್ ಮೊದಲೇ ಹಾಕಿರಬೇಕು ಅಂತ ಕಂಪನಿಗಳಿಗೆ ಆದೇಶ ಕೊಟ್ಟಿತು, ಅದು ಹೊರಗೆ ಬಂದದ್ದೇ ತಡ ಇಡೀ ದೇಶ ಚಿತ್ರ, ಮೀಮು, ಬೈಗುಳ ಎಲ್ಲ ಹಾಕಿತು, ವಿರೋಧ ಪಕ್ಷದವರು ಸಂಸತ್ತಿನಲ್ಲಿ ಕೇಳಿದರು, ಡಿಸೆಂಬರ್ 3ಕ್ಕೆ ಆ ಕಡ್ಡಾಯವನ್ನು ವಾಪಸ್ ತೆಗೆದುಕೊಂಡರು. ಒಂದು ವಾರವೂ ಆಗಿರಲಿಲ್ಲ. ಕದ್ದ ಫೋನ್ ಹುಡುಕಲು ಆ ಆ್ಯಪ್ ಒಳ್ಳೆಯದೇ, ಬೇಕಾದವರು ಹಾಕಿಕೊಳ್ಳುತ್ತಾರೆ. ಕಡ್ಡಾಯ ಅಂದದ್ದಕ್ಕೆ ಜನ ಎದ್ದರು.

ಇನ್ನೊಂದು ಮಾತು. ನಗುವ ಹಕ್ಕೂ ಸುಮ್ನೆ ಬಂದದ್ದಲ್ಲ. 2012ರಲ್ಲಿ ಬಂಗಾಳದಲ್ಲಿ ಒಬ್ಬ ಪ್ರೊಫೆಸರ್ ಒಂದು ಕಾರ್ಟೂನ್ ಕಳಿಸಿದ್ದಕ್ಕೆ ಬಂಧನವಾಗಿತ್ತು. ಆನ್‌ಲೈನ್‌ನಲ್ಲಿ ಹಾಕಿದ್ದಕ್ಕೆ ಜನರನ್ನು ಬಂಧಿಸಲು ದಾರಿ ಕೊಟ್ಟಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ತೆಗೆದುಹಾಕುವವರೆಗೂ ಆ ಭಯ ಇತ್ತು. ನನ್ನ ಮನೆಯಲ್ಲಿ ಅಮ್ಮ ಪ್ರತಿ ಚಿತ್ರವನ್ನೂ ‘ಹಾಕಬೇಡ ಕಣೋ’ ಅನ್ನುತ್ತಿದ್ದ ಕಾಲ ಅದು.

ಹನುಮಂತನಗರದ ಮಗಳು:
ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಎರಡೂ ಒಂದೇ ನಗು ಅಲ್ಲ, ಅಲ್ವಾ? ಸಂಚಾರ್ ಸಾಥಿ ವಿಷಯದಲ್ಲಿ ಜನ ಆದೇಶ ಕೊಟ್ಟವರನ್ನು ನೋಡಿ ನಕ್ಕರು, ನಮ್ಮ ಗುಂಪಿನಲ್ಲಿ ನಕ್ಕದ್ದು ‘ನಮ್ಮ ಕೈಯಲ್ಲಿ ಏನೂ ಇಲ್ಲ’ ಅಂತ. ಹಾಗೆ ನಕ್ಕ ಮೇಲೆ ಯಾರೂ ಏನೂ ಕೇಳಲಿಲ್ಲ.

ಸಿವಿಲ್ ಕೋರ್ಟ್ ಮೆಟ್ಟಿಲು:
ವಕೀಲಿಕೆ ಮಾಡುತ್ತೇನೆ, ಮೇಡಂ. ನಿಮ್ಮ ತಂದೆಯ ವಿಷಯಕ್ಕೂ ಈ ಕಾಯ್ದೆಗೂ ಎಷ್ಟು ಹತ್ತಿರ ಅಂದರೆ, ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ ಕೊಟ್ಟಿರುವ ಉದಾಹರಣೆಯೇ ಒಂದು ಔಷಧಿ ಅಂಗಡಿ. ಗಿರಾಕಿ ತಾನಾಗಿ ನಂಬರ್ ಕೊಟ್ಟು, ದುಡ್ಡು ಕೊಟ್ಟದ್ದಕ್ಕೆ ರಸೀದಿಯನ್ನು ಮೆಸೇಜ್ ಮಾಡಿ ಅಂತ ಕೇಳಿದರೆ ಅಂಗಡಿಯವರು ಆ ರಸೀದಿ ಕಳಿಸಲು ನಂಬರ್ ಬಳಸಬಹುದು. ಉದಾಹರಣೆ ಅಲ್ಲಿಗೆ ನಿಲ್ಲುತ್ತದೆ. ಇನ್ಶೂರೆನ್ಸ್ ಮಾರುವವರಿಗೆ ಕೊಡುವುದು ಅದರೊಳಗೆ ಬರುವುದಿಲ್ಲ.

ಕೆಲಸ ಮುಗಿದ ಮೇಲೆ ಅಳಿಸಬೇಕು. ಕೊಟ್ಟ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳುವುದು ಕೊಟ್ಟಷ್ಟೇ ಸುಲಭ ಇರಬೇಕು. ಮತ್ತೆ ಇದನ್ನು ಎಲ್ಲರೂ ನೆನಪಿಡಿ: ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ನಮಗೆ ಇರಬೇಕು. ಅಂದರೆ ಕನ್ನಡದಲ್ಲಿ ಕೊಡಿ ಅಂತ ಕೇಳಿದರೆ ಅವರು ದೊಡ್ಡ ಮನಸ್ಸು ಮಾಡಿ ಕೊಡುವುದಲ್ಲ, ಕೊಡಲೇಬೇಕು.

ಸಮಾಧಾನ ಕೊಡದ ಭಾಗವನ್ನೂ ಹೇಳಬೇಕು. ಕಾಯ್ದೆ ಬಂದದ್ದು 2023ರ ಆಗಸ್ಟ್‌ನಲ್ಲಿ, ನಿಯಮ ಬಂದದ್ದು 2025ರ ನವೆಂಬರ್‌ನಲ್ಲಿ, ಅದರಲ್ಲೂ ನಾನು ಮೇಲೆ ಹೇಳಿದ ಮುಖ್ಯ ಭಾಗಗಳಿಗೆ ಇನ್ನೂ 18 ತಿಂಗಳ ಗಡುವು ಕೊಟ್ಟಿದ್ದಾರೆ. ಭದ್ರತೆ ಸರಿಯಾಗಿ ಇಟ್ಟುಕೊಳ್ಳದೆ ಮಾಹಿತಿ ಸೋರಿದರೆ 250 ಕೋಟಿವರೆಗೆ ದಂಡ ಇದೆ, ಆದರೆ ಆ ದುಡ್ಡು ಸರ್ಕಾರದ ಖಜಾನೆಗೆ ಹೋಗುತ್ತದೆ, ನಿಮ್ಮ ತಂದೆಗೆ ಒಂದು ರೂಪಾಯಿಯೂ ಬರುವುದಿಲ್ಲ. ಐಟಿ ಕಾಯ್ದೆಯ 43ಎ ಸೆಕ್ಷನ್‌ನಲ್ಲಿ ಪರಿಹಾರ ಕೇಳುವ ದಾರಿ ಇತ್ತು, ಹೊಸ ಕಾಯ್ದೆ ಪೂರ್ತಿ ಜಾರಿಯಾದಾಗ ಅದೂ ಹೋಗುತ್ತದೆ. ಇದರ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ನಷ್ಟ ಆದದ್ದು ಯಾರಿಗೆ, ದುಡ್ಡು ಹೋಗುವುದು ಎಲ್ಲಿಗೆ?

ಬೆಳ್ಳಂದೂರು ಬ್ಯಾಕೆಂಡ್:
ನಾನು ಸಾಫ್ಟ್‌ವೇರ್ ಬರೆಯುವವನು, ಇದೇ ಥರದ ಬಿಲ್ಲಿಂಗ್ ವ್ಯವಸ್ಥೆಗಳಲ್ಲಿ ಕೆಲಸ ಮಾಡಿದ್ದೇನೆ. ಒಳಗೆ ಏನಾಗುತ್ತದೆ ಹೇಳುತ್ತೇನೆ, ಯಾಕೆಂದರೆ ಹೊರಗಿನವರು ಇದರಲ್ಲಿ ದೊಡ್ಡ ಪಿತೂರಿ ಇದೆ ಅಂದುಕೊಳ್ಳುತ್ತಾರೆ. ಬಹಳ ಸಲ ಪಿತೂರಿ ಏನೂ ಇರುವುದಿಲ್ಲ. ಅಳಿಸಿ ಅಂತ ಯಾರೂ ಹೇಳಿರುವುದಿಲ್ಲ, ಅಷ್ಟೆ.

ನೀವು ಕೌಂಟರಿನಲ್ಲಿ ಕೊಟ್ಟ ನಂಬರ್ ಮೊದಲು ಬಿಲ್ಲಿನ ಟೇಬಲ್‌ಗೆ ಹೋಗುತ್ತದೆ. ಅಲ್ಲಿಂದ ಮೆಸೇಜ್ ಕಳಿಸುವ ಇನ್ನೊಂದು ಕಂಪನಿಗೆ. ರಾತ್ರಿ ಬ್ಯಾಕಪ್ ಆಗುತ್ತದೆ. ಏನಾದರೂ ತಪ್ಪಾದರೆ ನೋಡಲು ಲಾಗ್ ಇರುತ್ತದೆ, ಅದರಲ್ಲೂ ನಂಬರ್. ಯಾರೋ ಒಬ್ಬ ಮಾರ್ಕೆಟಿಂಗ್‌ನವನು ಒಂದು ಎಕ್ಸೆಲ್ ಹಾಳೆ ಕೇಳುತ್ತಾನೆ, ನಂಬರಿನ ಪಕ್ಕ ಏನೇನು ಕೊಂಡರು ಅನ್ನುವುದೂ ಇರುತ್ತದೆ, ಅದು ಇಮೇಲ್‌ನಲ್ಲಿ ಹೋಗುತ್ತದೆ, ಆಮೇಲೆ ಆ ಹಾಳೆ ಎಲ್ಲೆಲ್ಲಿ ತಿರುಗಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಮಾತ್ರೆಯ ಹೆಸರು ನಂಬರಿನ ಪಕ್ಕ ಕೂತಿತು ಅಂದರೆ ಕಾಯಿಲೆ ಯಾವುದು ಅಂತ ಯಾರು ಬೇಕಾದರೂ ಹೇಳಬಹುದು. ಅದಕ್ಕೇ ಔಷಧಿ ಅಂಗಡಿಯ ಬಿಲ್ಲನ್ನು ತರಕಾರಿ ಬಿಲ್ಲಿನ ಹಾಗೆ ನೋಡಬಾರದು.

ನಾನೇ ಒಂದು ಸಲ ಹಳೆಯ ಗಿರಾಕಿಗಳ ಮಾಹಿತಿ ತೆಗೆಯೋಣ ಅಂತ ಮೀಟಿಂಗ್‌ನಲ್ಲಿ ಹೇಳಿದೆ. ‘ಮುಂದೆ ಬೇಕಾಗಬಹುದು’ ಅಂದರು. ಒತ್ತಾಯ ಮಾಡಲು ಆಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಈಗ ಕಾನೂನಿನ ಒಂದು ಸಾಲು ಇದೆ. ಅದು ಹಲ್ಲಿಲ್ಲದ ಕಾನೂನು ಅಂತ ಜೋಕ್ ಮಾಡುವವರಿಗೆ ನಾನು ಹೇಳುವುದು ಇಷ್ಟೇ, ಒಳಗೆ ಕೆಲಸ ಮಾಡುವ ನಮ್ಮಂಥವರಿಗೆ ಆ ಒಂದು ಸಾಲು ಬಹಳ ದೊಡ್ಡದು.

ಗಾಂಧಿಬಜಾರ್ ಕೌಂಟರ್:
ನಾನು ಮೆಡಿಕಲ್ ಶಾಪಿನಲ್ಲಿ ಬಿಲ್ ಮಾಡುತ್ತೇನೆ. ನಂಬರ್ ಕೇಳುವ ಬಾಯಿ ನನ್ನದೇ.

ಮಾಲೀಕರು ಕೇಳು ಅಂದಿದ್ದಾರೆ, ಕೇಳುತ್ತೇನೆ. ದಿನಕ್ಕೆ ಇನ್ನೂರು ಜನರನ್ನು ಕೇಳಿದರೆ ಇಬ್ಬರೋ ಮೂವರೋ ಕೊಡಲ್ಲ ಅನ್ನುತ್ತಾರೆ. ವಯಸ್ಸಾದವರು ಯಾರೂ ಇಲ್ಲ ಅನ್ನುವುದಿಲ್ಲ. ಕೊಡದಿದ್ದರೆ ಔಷಧಿ ಕೊಡುವುದಿಲ್ಲವೇನೋ ಅಂತ ಅವರಿಗೆ ಭಯ. ನನಗೆ ಇದುವರೆಗೆ ಅದು ಹೊಳೆದೇ ಇರಲಿಲ್ಲ, ಮಗಳ ಮಾತು ಓದಿದ ಮೇಲೆ ಹೊಳೆಯಿತು.

ಔಷಧಿ ಕಾನೂನಿನ ಪ್ರಕಾರ ಶೆಡ್ಯೂಲ್ ಎಚ್1 ಪಟ್ಟಿಯ ಔಷಧಿ ಕೊಟ್ಟಾಗ ರಿಜಿಸ್ಟರ್‌ನಲ್ಲಿ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟೆವು ಅಂತ ಬರೆದು 3 ವರ್ಷ ಇಡಬೇಕು. ಅಲ್ಲಿ ಕೂಡ ಮೊಬೈಲ್ ನಂಬರ್ ಬರೆಯಿರಿ ಅಂತ ಇಲ್ಲ. ಬಿಪಿ ಮಾತ್ರೆ ಆ ಪಟ್ಟಿಯಲ್ಲೂ ಇಲ್ಲ.

ಸಿವಿಲ್ ಕೋರ್ಟ್ ಮೆಟ್ಟಿಲು:
ಅಣ್ಣ, ನೀವು ಬರೆದದ್ದು ನೂರು ಭಾಷಣಕ್ಕಿಂತ ಉಪಯೋಗ. ಅದಕ್ಕೆ ಒಂದು ಸೇರಿಸುತ್ತೇನೆ. 2023ರ ಮೇ ತಿಂಗಳಲ್ಲೇ ಗ್ರಾಹಕ ವ್ಯವಹಾರಗಳ ಸಚಿವಾಲಯ ಅಂಗಡಿಗಳಿಗೆ ಸಲಹೆ ಕೊಟ್ಟಿತ್ತು, ಬಿಲ್ ಮಾಡಲು ಮೊಬೈಲ್ ನಂಬರ್ ಕೊಡಲೇಬೇಕು ಅಂತ ಗಿರಾಕಿಯನ್ನು ಒತ್ತಾಯ ಮಾಡಬೇಡಿ ಅಂತ. ಹೊಸ ಕಾಯ್ದೆ ಪೂರ್ತಿ ಬರುವವರೆಗೆ ಕಾಯಬೇಕಾಗಿಲ್ಲ.

ಮಾಹಿತಿ ಅರ್ಜಿ, ವಿಜಯನಗರ:
ಎಲ್ಲರೂ ಕಾಯ್ದೆಯನ್ನು ಹೊಗಳುತ್ತಿದ್ದೀರಿ, ನನಗೆ ಹೊಟ್ಟೆ ಉರಿಯುತ್ತದೆ. ನಾನು ಹದಿನೈದು ವರ್ಷದಿಂದ ರಸ್ತೆ, ಚರಂಡಿ, ರೇಷನ್ ಬಗ್ಗೆ ಆರ್‌ಟಿಐ ಅರ್ಜಿ ಹಾಕುತ್ತಿದ್ದೇನೆ. ಇದೇ ಕಾಯ್ದೆ ಆರ್‌ಟಿಐ ಕಾಯ್ದೆಯ 8(1)(ಜೆ) ತಿದ್ದಿದೆ. ಮೊದಲು ವೈಯಕ್ತಿಕ ಮಾಹಿತಿ ಅಂತ ಕೊಡದಿರಬೇಕಾದರೆ ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧ ಇಲ್ಲ, ಇಲ್ಲವೇ ಕೊಟ್ಟರೆ ಕಾರಣವಿಲ್ಲದೆ ಒಬ್ಬರ ಖಾಸಗಿತನಕ್ಕೆ ಧಕ್ಕೆ ಆಗುತ್ತದೆ ಅಂತ ತೋರಿಸಬೇಕಿತ್ತು. ಈಗ ವೈಯಕ್ತಿಕ ಮಾಹಿತಿ ಅಂದರೆ ಸಾಕು. ಅಂಗಡಿಗಳು ಪಾಲಿಸಲು 18 ತಿಂಗಳು, ಈ ತಿದ್ದುಪಡಿ ಮಾತ್ರ ನಿಯಮ ಬಂದ 2025ರ ನವೆಂಬರ್ 14ರಿಂದಲೇ ಜಾರಿ! ಸರ್ಕಾರ ತನಗೆ ಬೇಕಾದ ಇಲಾಖೆಗಳನ್ನು ಕಾಯ್ದೆಯಿಂದ ಹೊರಗಿಡಲೂಬಹುದು. ಜನರ ಗುಟ್ಟು ಕಾಯುವುದಕ್ಕೆ ಬಂದ ಕಾನೂನು ಗುತ್ತಿಗೆದಾರರ ಗುಟ್ಟು ಕಾಯಬಾರದು.

ಸಿವಿಲ್ ಕೋರ್ಟ್ ಮೆಟ್ಟಿಲು:
ನಿಮ್ಮ ಆತಂಕ ನ್ಯಾಯವಾದದ್ದು ಸರ್. ಆರ್‌ಟಿಐ ಕಾಯ್ದೆಯ 8(2) ಇನ್ನೂ ಉಳಿದಿದೆ, ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದು ಅಂತ. ಅರ್ಜಿಯಲ್ಲಿ ಅದನ್ನೇ ಎತ್ತಿ ಬರೆಯಿರಿ. ಸಾಲದು, ಗೊತ್ತು. ಆದರೆ ಬಿಡಬೇಡಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಕೇಸ್ ಯಾರ ಹೆಸರಿನಲ್ಲಿದೆ? ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆಗಿದ್ದ ಕೆ. ಎಸ್. ಪುಟ್ಟಸ್ವಾಮಿ ಅವರ ಹೆಸರಿನಲ್ಲಿ. ಆಧಾರ್ ವಿಷಯದಲ್ಲಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 80 ದಾಟಿತ್ತು, ಆ ವಯಸ್ಸಿನಲ್ಲಿ ಇದೇ ಬೆಂಗಳೂರಿನಲ್ಲಿ ಮನೆಯಲ್ಲಿ ಕೂತು ‘ಎಲ್ಲ ಹೋಗಿದೆ ಬಿಡಿ’ ಅನ್ನಬಹುದಿತ್ತು.

ಎರಡು ಚಕ್ರ:
ನಾನು ಊಟ ಡೆಲಿವರಿ ಮಾಡುವವನು. ಒಂದು ಮಾತು ಕೇಳಲಾ ಅಕ್ಕ? ಬೇಜಾರು ಮಾಡಿಕೊಳ್ಳಬೇಡಿ.

ದಿನಕ್ಕೆ ಮೂವತ್ತು ಗೇಟು ದಾಟುತ್ತೇನೆ. ಜಾಸ್ತಿ ಕಡೆ ಸೆಕ್ಯುರಿಟಿ ಫೋನ್ ಎತ್ತಿ ನನ್ನ ಫೋಟೋ ಹೊಡೆಯುತ್ತಾರೆ, ನಂಬರ್ ಹಾಕಿಕೊಳ್ಳುತ್ತಾರೆ. ಯಾವ ಆ್ಯಪ್, ಎಷ್ಟು ದಿನ ಇಡುತ್ತಾರೆ, ಯಾರು ನೋಡುತ್ತಾರೆ, ಒಂದೂ ಗೊತ್ತಿಲ್ಲ. ಕೊಡಲ್ಲ ಅಂದರೆ ಒಳಗೆ ಬಿಡುವುದಿಲ್ಲ, ಊಟ ಆರುತ್ತದೆ, ರೇಟಿಂಗ್ ಬೀಳುತ್ತದೆ. ನನ್ನ ಹೆಂಡತಿ ಎರಡು ಅಪಾರ್ಟ್‌ಮೆಂಟಿನಲ್ಲಿ ಮನೆಕೆಲಸ ಮಾಡುತ್ತಾಳೆ. ಅವಳು ಎಷ್ಟು ಗಂಟೆಗೆ ಬಂದಳು, ಎಷ್ಟಕ್ಕೆ ಹೋದಳು ಅಂತ ಎಲ್ಲ ಮನೆಯವರ ಫೋನಿಗೂ ಹೋಗುತ್ತದೆ. ಅವಳಿಗೆ ಮಾತ್ರ ಏನೂ ಬರುವುದಿಲ್ಲ. ನಮ್ಮ ಒಪ್ಪಿಗೆ ಯಾರು ಕೇಳಿದರು?

ಬೆಳ್ಳಂದೂರು ಬ್ಯಾಕೆಂಡ್:
ನನ್ನ ಅಪಾರ್ಟ್‌ಮೆಂಟಿನಲ್ಲೂ ಹೀಗೇ ಇದೆ. ಮೂರು ವರ್ಷದಿಂದ ಆ ನೋಟಿಫಿಕೇಶನ್ ನೋಡುತ್ತಿದ್ದೇನೆ. ಒಂದು ದಿನವೂ ಯೋಚನೆ ಮಾಡಲಿಲ್ಲ.

ಸಿವಿಲ್ ಕೋರ್ಟ್ ಮೆಟ್ಟಿಲು:
ಮನೆಯೊಳಗೆ ನಾವು ಸ್ವಂತಕ್ಕೆ ಇಟ್ಟುಕೊಳ್ಳುವ ನಂಬರ್‌ಗಳಿಗೆ ಕಾಯ್ದೆ ಬರುವುದಿಲ್ಲ. ಆದರೆ ಅಸೋಸಿಯೇಷನ್ ಒಂದು ಮನೆಯಲ್ಲ. ಅದು ಆ್ಯಪ್‌ನಲ್ಲಿ ಮಾಹಿತಿ ತೆಗೆದುಕೊಂಡರೆ ಯಾಕೆ ಅಂತ ಹೇಳಬೇಕು, ಅಳಿಸುವ ಜವಾಬ್ದಾರಿಯೂ ಅದರದ್ದೇ. ಹಳೆಯ ಕಾಗದದ ರಿಜಿಸ್ಟರ್‌ನಲ್ಲಿ ಬರೆದುಕೊಂಡು ಕಂಪ್ಯೂಟರಿಗೆ ಹಾಕದಿದ್ದರೆ ಮಾತ್ರ ಈ ಕಾಯ್ದೆ ಮುಟ್ಟುವುದಿಲ್ಲ, ಇದು ಡಿಜಿಟಲ್ ಮಾಹಿತಿಗೆ ಮಾತ್ರ.

ರಾಜಾಜಿನಗರ ಕಾರ್ಟೂನು:
ಎರಡು ಚಕ್ರ ಅಣ್ಣ, ನಿಮ್ಮ ಮಾತು ಓದಿ ಕೈ ನಿಂತಿತು. ಗೇಟಿನ ಹತ್ತಿರ ಇರುವ ನಿಮ್ಮ ಚಿತ್ರ ಬರೆಯುತ್ತೇನೆ, ಮುಖ ಬರೆಯುವುದಿಲ್ಲ. ನೀವು ಸರಿ ಅಂದರೆ ಮಾತ್ರ ಹಾಕುತ್ತೇನೆ.

ಎರಡು ಚಕ್ರ:
ಬರೆಯಿರಿ ಅಣ್ಣ. ಹೆಲ್ಮೆಟ್ ಹಾಕಿರುವ ಹಾಗೆ ಬರೆಯಿರಿ.

ಹನುಮಂತನಗರದ ಮಗಳು:
ಎರಡು ಚಕ್ರ ಅವರೇ, ಬೇಜಾರು ಯಾಕೆ? ನಾಚಿಕೆ ಆಯಿತು. ನಮ್ಮ ಗೇಟಿನಲ್ಲೂ ಫೋಟೋ ಹೊಡೆಯುತ್ತಾರೆ. ಅಪ್ಪನ ನಂಬರಿಗಾಗಿ ಇಷ್ಟು ಬರೆದ ನಾನು, ನಮ್ಮ ಮನೆಗೆ ಊಟ ತಂದವರ ಫೋಟೋ ಎಲ್ಲಿ ಹೋಯಿತು ಅಂತ ಕೇಳಿಲ್ಲ.

ಈ ಭಾನುವಾರ ನಮ್ಮ ಅಸೋಸಿಯೇಷನ್ ಮೀಟಿಂಗ್ ಇದೆ. ಮೂರು ವಿಷಯ ಎತ್ತುತ್ತೇನೆ. ಡೆಲಿವರಿಯವರ ಫೋಟೋ ಬೇಡ, ಫ್ಲ್ಯಾಟ್ ನಂಬರ್ ಕೇಳಿ ನಮಗೆ ಫೋನ್ ಮಾಡಿದರೆ ಸಾಕು. ಈಗಾಗಲೇ ಇರುವ ಫೋಟೋಗಳನ್ನು ಆ್ಯಪ್ ಕಂಪನಿಯವರಿಂದ ಅಳಿಸಿ, ಅಳಿಸಿದ್ದೇವೆ ಅಂತ ಬರೆಸಿಕೊಳ್ಳಬೇಕು. ಮನೆಕೆಲಸದವರ ಬಂದು ಹೋಗುವ ಸಮಯ ಎಲ್ಲರಿಗೂ ಹೋಗುವುದನ್ನು ನಿಲ್ಲಿಸಬೇಕು, ಅವರ ಎದುರಿಗೇ ಕೇಳಿ, ಕನ್ನಡದಲ್ಲಿ. ಕೋಟೆ ಬಾಗಿಲಿನ ಗಾದೆ ಬರೆದವರೇ ನಮ್ಮ ಸೆಕ್ರೆಟರಿ. ಒಪ್ಪುತ್ತಾರೋ ಇಲ್ಲವೋ, ಕೇಳುತ್ತೇನೆ.

ಬೆಳ್ಳಂದೂರು ಬ್ಯಾಕೆಂಡ್:
ಅಳಿಸಿದ್ದೇವೆ ಅಂದಾಗ ಬ್ಯಾಕಪ್‌ನಿಂದಲೂ ಅಳಿಸಿದ್ದೀರಾ ಅಂತ ಕೇಳಿ. ಆ ಪತ್ರ ಬರೆಯಲು ನಾನು ಸಹಾಯ ಮಾಡುತ್ತೇನೆ, ನನ್ನ ಅಪಾರ್ಟ್‌ಮೆಂಟಿಗೂ ಅದೇ ಪತ್ರ ಬೇಕು.

ಗಾಂಧಿಬಜಾರ್ ಕೌಂಟರ್:
ಇವತ್ತು ಮಧ್ಯಾಹ್ನ ಅಂಗಡಿಯಲ್ಲಿ ಜನ ಇಲ್ಲದಾಗ ಒಂದು ಮಾಡಿ ನೋಡಿದೆ. ನಂಬರ್ ಜಾಗ ಖಾಲಿ ಬಿಟ್ಟು ಎಂಟರ್ ಒತ್ತಿದೆ. ಬಿಲ್ ಬಂತು. ನಾಲ್ಕು ವರ್ಷದಿಂದ ಇದೇ ಕಂಪ್ಯೂಟರ್ ಮುಂದೆ ಕೂತಿದ್ದೇನೆ, ಒಂದು ಸಲವೂ ಹಾಗೆ ಒತ್ತಿ ನೋಡಿರಲಿಲ್ಲ. ಸಂಜೆ ಒಬ್ಬರು ಅಜ್ಜ ಬಂದರು, ನಾನು ಕೇಳುವ ಮೊದಲೇ ‘ತೊಂಬತ್ತೆಂಟು…’ ಅಂತ ನಂಬರ್ ಶುರು ಮಾಡಿದರು. ‘ಬೇಡ ತಾತ’ ಅಂದೆ.