ರಾತ್ರಿ ಟೆಸ್ಟ್ ಪಾಸ್, ಮಧ್ಯಾಹ್ನ ಗೇಮ್ ಕ್ರ್ಯಾಶ್: 6400ರಲ್ಲಿ ಡಿಡಿಆರ್5 ತಲೆನೋವು

ಬಿಸಿಲೂರು:
ಎಲ್ಲರಿಗೂ ನಮಸ್ಕಾರ. ನನ್ನದು ರೈಜನ್ 7700 ಪ್ರೊಸೆಸರ್, 16 ಜಿಬಿಯ ಎರಡು ಡಿಡಿಆರ್5 ಮೆಮೊರಿ ಸ್ಟಿಕ್. ಕಿಟ್ ಮೇಲೆ ಬರೆದಿರುವುದು 6000 ಸಿಎಲ್30 (ವೇಗ 6000, ಡೇಟಾ ಕೊಡುವ ಮುಂಚೆ ಕಾಯುವುದು 30 ಕ್ಲಾಕ್), ಒಳಗಿನ ಚಿಪ್ ಹೈನಿಕ್ಸ್ ಎ-ಡೈ. ಎಕ್ಸ್‌ಪೋದಲ್ಲಿ (ಕಿಟ್ ತಯಾರಕರೇ ಕೊಟ್ಟ ಸೆಟ್ಟಿಂಗ್) ಎಲ್ಲ ಚೆನ್ನಾಗಿತ್ತು, ಕೈ ಸುಮ್ನಿರಲಿಲ್ಲ, 6400 ಸಿಎಲ್32ಕ್ಕೆ ಏರಿಸಿದೆ. ವಿಡಿಡಿ (ಮೆಮೊರಿಯ ವೋಲ್ಟೇಜ್) 1.4 ವೋಲ್ಟ್, ಎಸ್ಓಸಿ (ಸಿಪಿಯು ಒಳಗಿನ ಮೆಮೊರಿ ಕಂಟ್ರೋಲರ್ ಕಡೆಯ ವೋಲ್ಟೇಜ್) 1.25, ಯುಕ್ಲಾಕ್ (ಆ ಕಂಟ್ರೋಲರಿನ ಕ್ಲಾಕ್) ಮೆಮೊರಿ ಕ್ಲಾಕ್ ಜೊತೆ 1:1, ಟಿರೆಫಿ (ಎರಡು ರಿಫ್ರೆಶ್ ನಡುವಿನ ಅಂತರ, ಕ್ಲಾಕ್ ಲೆಕ್ಕದಲ್ಲಿ) 65535. ರಾತ್ರಿ ಟೆಸ್ಟ್‌ಮೆಮ್5 ಎಕ್ಸ್‌ಟ್ರೀಮ್ ಕಾನ್ಫಿಗ್ ಹಾಕಿ ಮಲಗಿದರೆ ಬೆಳಗ್ಗೆ ಒಂದೂ ಎರರ್ ಇರುವುದಿಲ್ಲ. ಮಧ್ಯಾಹ್ನ ಗೇಮ್ ಶುರು ಮಾಡಿದರೆ ಸ್ವಲ್ಪ ಹೊತ್ತಿಗೆ ತಾನೇ ಮುಚ್ಚಿಕೊಳ್ಳುತ್ತದೆ, ಒಮ್ಮೊಮ್ಮೆ ನೀಲಿ ಪರದೆ. ಇರುವುದು ಕಲಬುರಗಿಯಲ್ಲಿ, ಮೇ ತಿಂಗಳು, ರೂಮಿನಲ್ಲಿ ಕೂಲರ್ ಬಿಟ್ಟರೆ ಬೇರೇನಿಲ್ಲ. ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆಯಾ ಅಂತ ಎಕ್ಸ್‌ಪೋಗೆ ವಾಪಸ್ ಹೋಗಿ ಆಡಿ ನೋಡಿದೆ, ಏನೂ ಆಗಲಿಲ್ಲ. ವಿಡಿಡಿ ಇನ್ನೂ ಏರಿಸಲಾ?

ಅರ್ಧರಾತ್ರಿ_ಬಯೋಸ್:
ಏರಿಸಬೇಡಿ, ಬಿಸಿ ಇನ್ನೂ ಜಾಸ್ತಿ ಆಗುತ್ತದೆ. ಡಿಡಿಆರ್5ರಲ್ಲಿ ವೋಲ್ಟೇಜ್ ನೋಡಿಕೊಳ್ಳುವ ಪಿಎಂಐಸಿ ಕೂಡ ಸ್ಟಿಕ್ ಮೇಲೆಯೇ ಇರುತ್ತದೆ, ಅದರ ಕಾವೂ ಪಕ್ಕದ ಚಿಪ್‌ಗಳಿಗೇ. ನನ್ನ ಅನುಮಾನ ಟಿರೆಫಿ ಮೇಲೆ.

ಮೆಮೊರಿಯ ಒಂದೊಂದು ಸೆಲ್ಲೂ ಸೋರುವ ಕೊಡ ಇದ್ದ ಹಾಗೆ, ಚಾರ್ಜ್ ಸೋರುತ್ತಲೇ ಇರುತ್ತದೆ, ಬಿಸಿ ಏರಿದಷ್ಟೂ ಜಾಸ್ತಿ. ಅದಕ್ಕೇ ರಿಫ್ರೆಶ್, ಅಂದರೆ ಚಾರ್ಜ್ ಮತ್ತೆ ತುಂಬುವುದು, ಬೇಕು. ಮಾಮೂಲಿ ಲೆಕ್ಕದಲ್ಲಿ 3.9 ಮೈಕ್ರೋಸೆಕೆಂಡಿಗೆ ಒಂದು ರಿಫ್ರೆಶ್, ಅಂಥವು 8192 ಆದರೆ ಎಲ್ಲ ಸೆಲ್‌ಗಳಿಗೂ ಒಂದು ಸುತ್ತು, ಸುಮಾರು 32 ಮಿಲಿಸೆಕೆಂಡು. ಒಂದು ಕ್ಲಾಕಿಗೆ ಎರಡು ಸಲ ಡೇಟಾ ಹೋಗುವುದರಿಂದ 6400ರಲ್ಲಿ ಅಸಲಿ ಕ್ಲಾಕ್ 3200 ಮೆಗಾಹರ್ಟ್ಸ್. ಅಲ್ಲಿ 65535 ಅಂದರೆ 20.5 ಮೈಕ್ರೋಸೆಕೆಂಡು. ಅಂದರೆ 32 ಮಿಲಿಸೆಕೆಂಡು ಚಾರ್ಜ್ ಹಿಡಿದರೆ ಸಾಕಿದ್ದ ಸೆಲ್ ಈಗ 168 ಹಿಡಿಯಬೇಕು. ರಾತ್ರಿ ಹಿಡಿಯುತ್ತದೆ. ಮಧ್ಯಾಹ್ನ ನಿಮ್ಮೂರಿನ ಬಿಸಿಲಲ್ಲಿ, ಮೇಲಿಂದ ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿಯೂ ಕೇಸ್ ಒಳಗೆ ತುಂಬಿಕೊಂಡಾಗ ಕೈಕೊಡುತ್ತದೆ. ಟೆಸ್ಟ್‌ಮೆಮ್5 ಓಡುವಾಗ ಕಾರ್ಡಿಗೆ ಕೆಲಸವೇ ಇರುವುದಿಲ್ಲ ಅಲ್ವಾ, ಹಾಗಾಗಿ ರಾತ್ರಿಯ ಪಾಸ್ ಮಧ್ಯಾಹ್ನದ ಗೇಮ್‌ಗೆ ಲೆಕ್ಕಕ್ಕಿಲ್ಲ.

ಎಚ್‌ಡಬ್ಲ್ಯೂಇನ್ಫೋದಲ್ಲಿ ಸ್ಟಿಕ್‌ಗಳ ಟೆಂಪರೇಚರ್ ಕಾಣುತ್ತದೆ, ನೋಡಿ. ಆಮೇಲೆ ಬೇರೆ ಏನನ್ನೂ ಮುಟ್ಟದೆ ಟಿರೆಫಿ ಒಂದನ್ನೇ ಆಟೋಗೆ ಹಾಕಿ, ಕಾರ್ಡಿಗೂ ಲೋಡ್ ಕೊಟ್ಟು, ಮಧ್ಯಾಹ್ನದಲ್ಲೇ ಅದೇ ಟೆಸ್ಟ್ ಓಡಿಸಿ.

ಸ್ಲಾಟ್_ಎ2ಬಿ2:
ಟಿರೆಫಿ ಇರಬಹುದು. ಆದರೆ 6400ರಲ್ಲಿ 1:1 ಓಡುವುದು ಎಲ್ಲ 7000 ಸರಣಿ ಚಿಪ್‌ಗಳ ಹಣೆಯಲ್ಲೂ ಬರೆದಿಲ್ಲ. ಟೆಸ್ಟ್‌ಮೆಮ್5 ಸ್ಟಿಕ್‌ಗಳನ್ನು ಚೆನ್ನಾಗಿ ಹಿಂಡುತ್ತದೆ, ಸಿಪಿಯು ಒಳಗಿನ ಮೆಮೊರಿ ಕಂಟ್ರೋಲರನ್ನು ಅಷ್ಟಾಗಿ ಅಲ್ಲ. ಅದಕ್ಕೆ ವೈ-ಕ್ರಂಚರ್‌ನ ವಿಟಿ3 ಅನ್ನುವ ಟೆಸ್ಟ್ ಹಾಕಿ. ಟಿರೆಫಿ ಆಟೋ ಇದ್ದೂ ಅದು ಬಿದ್ದರೆ ತೊಂದರೆ ಬಿಸಿಯದಲ್ಲ, ಕಂಟ್ರೋಲರಿನದು. ಆಗ ಎಸ್ಓಸಿ ಸ್ವಲ್ಪ ಏರಿಸಿ ನೋಡಬಹುದು, 1.3 ಮಾತ್ರ ದಾಟಬೇಡಿ. 2023ರಲ್ಲಿ ಎಕ್ಸ್3ಡಿ ಚಿಪ್‌ಗಳು ಸುಟ್ಟುಹೋದ ಗಲಾಟೆ ಆದ ಮೇಲೆ ಎಎಂಡಿಯೇ ಹಾಕಿದ ಮಿತಿ ಅದು.

ಇನ್ನೊಂದು. ಡಿಡಿಆರ್5ರಲ್ಲಿ ಇಸಿಸಿ ಇದೆ, ಎರರ್ ಬಂದರೆ ತಾನೇ ಸರಿಮಾಡಿಕೊಳ್ಳುತ್ತದೆ ಅಂತ ಯಾರಾದರೂ ಹೇಳಿದರೆ ನಂಬಿಕೊಂಡು ಕೂರಬೇಡಿ. ಅದು ಚಿಪ್ ಒಳಗಿನ ಒಂದು ಬಿಟ್ ತಪ್ಪನ್ನು ಮಾತ್ರ ಸರಿಮಾಡುತ್ತದೆ, ಮಾಡಿದ್ದನ್ನು ವಿಂಡೋಸ್‌ಗೆ ಹೇಳುವುದೂ ಇಲ್ಲ. ಸ್ಟಿಕ್‌ನಿಂದ ಸಿಪಿಯುಗೆ ಬರುವ ದಾರಿಯಲ್ಲಿ ಆಗುವ ಎಡವಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ.

ಕಾಸಿಗೆ_ತಕ್ಕ_ಪಿಸಿ:
ಇಷ್ಟೆಲ್ಲ ಯಾಕೆ ಗುರು? 6000 ಸಿಎಲ್30ರಲ್ಲಿ ಕಾಯುವ ಹೊತ್ತು ಲೆಕ್ಕ ಹಾಕಿದರೆ 10 ನ್ಯಾನೋಸೆಕೆಂಡು. 6400 ಸಿಎಲ್32 ಕೂಡ 10. ಹಳೇ ಡಿಡಿಆರ್4 3200 ಸಿಎಲ್16 ಕೂಡ ಅಷ್ಟೇ! ಬ್ಯಾಂಡ್‌ವಿಡ್ತ್ ಅಂತೀರಾ, 7700ರಲ್ಲಿರುವುದು ಒಂದೇ ಸಿಸಿಡಿ (ಕೋರ್ ಇರುವ ಚಿಪ್ ತುಂಡು). ಎಫ್‌ಕ್ಲಾಕ್ (ಆ ತುಂಡಿಗೂ ಮೆಮೊರಿ ಕಂಟ್ರೋಲರಿಗೂ ನಡುವಿನ ದಾರಿಯ ಕ್ಲಾಕ್) 2000 ಇದ್ದರೆ ಅದು ಸೆಕೆಂಡಿಗೆ 64 ಜಿಬಿಗಿಂತ ಜಾಸ್ತಿ ಓದಲಾರದು. 6000ರ ಎರಡು ಚಾನೆಲ್ ಆಗಲೇ 96 ಕೊಡುತ್ತಿದೆ, ಅದನ್ನೇ ಪೂರ್ತಿ ಎಳೆದುಕೊಳ್ಳಲು ಆಗುತ್ತಿಲ್ಲ. ನೀವು ಬೆವರು ಸುರಿಸಿ 102 ಮಾಡಿ ಯಾರಿಗೆ ಕೊಡುತ್ತೀರಿ? ಎಕ್ಸ್‌ಪೋ ಹಾಕಿ ಗೇಮ್ ಆಡಿ.

ಸ್ಲಾಟ್_ಎ2ಬಿ2:
@ಕಾಸಿಗೆ_ತಕ್ಕ_ಪಿಸಿ ಬ್ಯಾಂಡ್‌ವಿಡ್ತ್ ಮಾತು ಒಪ್ಪಿದೆ. ಆದರೆ 1:1ರಲ್ಲಿ ಯುಕ್ಲಾಕ್ ಕೂಡ 3000ದಿಂದ 3200ಕ್ಕೆ ಏರುತ್ತದೆ, ಕಂಟ್ರೋಲರ್ ಒಳಗೆ ಹೋಗುವ ಹೊತ್ತು ಕಮ್ಮಿ ಆಗುತ್ತದೆ. ಸಿಎಲ್ ಒಂದೇ ನೋಡಿ ತೀರ್ಪು ಕೊಟ್ಟರೆ ಹೇಗೆ. ಸಬ್‌ಟೈಮಿಂಗ್ (ಸಿಎಲ್ ಬಿಟ್ಟು ಉಳಿದ ಸಣ್ಣಪುಟ್ಟ ಕಾಯುವ ಲೆಕ್ಕಗಳು) ಬಿಗಿ ಮಾಡಿದರೆ ಸಿಗುವ ಲಾಭ ಮಾತ್ರ ಇದಕ್ಕಿಂತ ಜಾಸ್ತಿ, ಅದನ್ನು 6000ದಲ್ಲೇ ಮಾಡಿಕೊಳ್ಳಬಹುದು.

ಬಿಸಿಲೂರು:
ಅರ್ಧರಾತ್ರಿ ಸರ್, ನೀವು ಹೇಳಿದ್ದೇ ಸರಿ. ಮಧ್ಯಾಹ್ನ ಕಾರ್ಡಿಗೂ ಲೋಡ್ ಕೊಟ್ಟಾಗ ಸ್ಟಿಕ್ 66 ಡಿಗ್ರಿ ಮುಟ್ಟಿತು, ಟೆಸ್ಟ್‌ಮೆಮ್5 ಎರರ್ ಮೇಲೆ ಎರರ್ ಉಗುಳಿತು. ಟಿರೆಫಿ ಆಟೋ ಮಾಡಿದೆ, ಅದೇ ಬಿಸಿಯಲ್ಲಿ ಒಂದೂ ಇಲ್ಲ. ವಿಟಿ3 ಕೂಡ ಪಾಸ್, ಅಂದರೆ ಕಂಟ್ರೋಲರ್ ಪರವಾಗಿಲ್ಲ. ಆದರೆ ಆಟೋದಲ್ಲಿ ಲೇಟೆನ್ಸಿ (ಮೆಮೊರಿ ಉತ್ತರ ಕೊಡಲು ಹಿಡಿಯುವ ಹೊತ್ತು) ನೋಡಿದರೆ ಹೊಟ್ಟೆ ಉರಿಯುತ್ತದೆ. ನಡುವೆ ಎಲ್ಲಾದರೂ ನಿಲ್ಲಿಸಬಹುದಾ?

ಅರ್ಧರಾತ್ರಿ_ಬಯೋಸ್:
ಟಿರೆಫಿ 32767 ಹಾಕಿ. ಲೆಕ್ಕ ನೋಡಿ: 16 ಗಿಗಾಬಿಟ್ ಚಿಪ್‌ಗೆ ಒಂದು ರಿಫ್ರೆಶ್ ಅಂದರೆ ಮಾಮೂಲಿ 295 ನ್ಯಾನೋಸೆಕೆಂಡು, ಅಷ್ಟು ಹೊತ್ತು ಮೆಮೊರಿ ನಿಮ್ಮ ಕೈಗೆ ಸಿಗುವುದಿಲ್ಲ. ಆಟೋದಲ್ಲಿ ನೂರರಲ್ಲಿ ಏಳೂವರೆ ಪಾಲು ಹೊತ್ತು ಹೀಗೇ ಹೋಗುತ್ತದೆ. 32767ರಲ್ಲಿ ಅದು ಮೂರಕ್ಕಿಂತ ಕೆಳಗೆ, 65535ರಲ್ಲಿ ಸುಮಾರು ಒಂದೂವರೆ. ದೊಡ್ಡ ಲಾಭವೆಲ್ಲ ಮೊದಲ ಹೆಜ್ಜೆಯಲ್ಲೇ ಬಂದುಬಿಡುತ್ತದೆ, ಕೊನೆಯ ಒಂದೂವರೆಗಾಗಿ ಸೆಲ್‌ಗಳನ್ನು ಎರಡು ಪಟ್ಟು ಹೊತ್ತು ಕಾಯಿಸುವುದು ನನಗಂತೂ ಸರಿ ಅನ್ನಿಸುವುದಿಲ್ಲ. ಜೊತೆಗೆ ಸ್ಟಿಕ್‌ಗಳ ಎದುರಿಗೆ ಒಂದು 120 ಎಂಎಂ ಫ್ಯಾನ್ ಜಿಪ್ ಟೈನಲ್ಲಿ ಕಟ್ಟಿ. ನೋಡೋಕೆ ಚೆನ್ನಾಗಿರಲ್ಲ, ಕೆಲಸ ಮಾಡುತ್ತದೆ.

ಟ್ಯೂನ್ ಮಾಡುವಷ್ಟು ದಿನ ಬಯೋಸ್ ಒಳಗಿನ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಆಫ್ ಇರಲಿ. ಆನ್ ಇದ್ದರೆ ಬೇಗ ಬೂಟ್ ಆಗುತ್ತದೆ ನಿಜ, ಆದರೆ ಹಳೇ ಟ್ರೈನಿಂಗನ್ನೇ (ಸಿಪಿಯು ಮೆಮೊರಿ ಜೊತೆ ಮಾಡಿಕೊಳ್ಳುವ ಹೊಂದಾಣಿಕೆ) ಇಟ್ಟುಕೊಂಡು ಓಡುತ್ತದೆ. ಟೆಸ್ಟ್ ಪಾಸ್ ಆದ ಮೇಲೆ ಸ್ವಿಚ್ ಆರಿಸಿ, ಬೆಳಗ್ಗೆ ತಣ್ಣಗಿದ್ದಾಗ ಬೂಟ್ ಮಾಡಿ, ಮತ್ತೆ ಟ್ರೈನ್ ಆದ ಮೇಲೂ ಪಾಸ್ ಆಗುತ್ತದೆಯಾ ನೋಡಿ. ಹೊಸ ಸೆಟ್ಟಿಂಗ್ ಹಾಕಿದಾಗೆಲ್ಲ ಮೊದಲು ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಒಂದು ಸುತ್ತು, ಆಮೇಲೆ ವಿಂಡೋಸ್. ಇಷ್ಟು ಕ್ರ್ಯಾಶ್ ಕಂಡ ವಿಂಡೋಸ್ ಅಲ್ವಾ, ಅದರ ಫೈಲ್ ಕೆಟ್ಟಿದೆಯಾ ನೋಡುವ ಎಸ್‌ಎಫ್‌ಸಿ ಸ್ಕ್ಯಾನ್ ಕೂಡ ಒಂದು ಸಲ ಓಡಿಸಿಬಿಡಿ.