ಎಲ್‌ಸ್ಯಾಟ್: ಗುಂಪಾಗಿ ಓದುವಾಗ ಅರ್ಥವಾಗುತ್ತದೆ, ಒಬ್ಬರೇ ಕೂತರೆ ತಪ್ಪಾಗುತ್ತದೆ

ಪ್ರಶ್ನೆ

ಅಮೆರಿಕ, ಕೆನಡಾದ ಲಾ ಸ್ಕೂಲ್‌ಗಳ ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್‌ಗೆ ನಾಲ್ವರು ಸೇರಿ ವಾರಕ್ಕೆ ಎರಡು ಸಲ ವಿಡಿಯೊ ಕರೆಯಲ್ಲಿ ಓದುತ್ತಿದ್ದೇವೆ. ಪ್ರಶ್ನೆಯನ್ನು ಸ್ಕ್ರೀನ್ ಮೇಲೆ ಹಾಕಿ ಒಟ್ಟಿಗೆ ಬಿಡಿಸುತ್ತೇವೆ. ಎರಡು ಗಂಟೆಯಲ್ಲಿ ಹದಿನೈದು ಪ್ರಶ್ನೆಯೂ ಮುಗಿಯುವುದಿಲ್ಲ. ಚರ್ಚೆಯಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ಟೈಮರ್ ಇಟ್ಟು ಒಬ್ಬರೇ ಕೂತರೆ ಮತ್ತೆ ಅವೇ ತಪ್ಪುಗಳು. ಚಿಕ್ಕ ವಾದಗಳನ್ನು ಕೊಟ್ಟು ಪರೀಕ್ಷಿಸುವ ಲಾಜಿಕಲ್ ರೀಸನಿಂಗ್‌ನಲ್ಲಿ, ವಾದ ಹೇಳದೆಯೇ ನಂಬಿಕೊಂಡ ಮಾತನ್ನು ಗುರುತಿಸುವ ಅಸಂಪ್ಷನ್ ಪ್ರಶ್ನೆಗಳಲ್ಲೇ ಹೆಚ್ಚು ಎಡವುತ್ತಿದ್ದೇವೆ. ಗುಂಪನ್ನು ಹೇಗೆ ನಡೆಸಿದರೆ ಉಪಯೋಗ?

ಉತ್ತರ 1

ಒಟ್ಟಿಗೆ ಬಿಡಿಸುವುದನ್ನು ನಿಲ್ಲಿಸಿ. ಒಬ್ಬರ ಉತ್ತರ ಕಿವಿಗೆ ಬಿದ್ದ ಮೇಲೆ ಉಳಿದ ಮೂವರು ಅದಕ್ಕೆ ಸಮರ್ಥನೆ ಹುಡುಕುತ್ತಾರೆ ಅಷ್ಟೆ. ಐದು ಆಯ್ಕೆಗಳಲ್ಲಿ ನಾಲ್ಕನ್ನು ತಾವೇ ತಳ್ಳಿಹಾಕುವ ಅಭ್ಯಾಸ ಆಗುವುದೇ ಇಲ್ಲ.

ಸೇರುವ ಹಿಂದಿನ ದಿನ ನಾಲ್ವರೂ ಲಾಹಬ್‌ನಲ್ಲಿ (ಎಲ್‌ಸ್ಯಾಟ್‌ನ ಅಧಿಕೃತ ಅಭ್ಯಾಸ ತಾಣ) ತಂತಮ್ಮ ಖಾತೆಯಿಂದ ಒಂದೇ ಸೆಕ್ಷನ್ ಅನ್ನು 35 ನಿಮಿಷದಲ್ಲಿ ಮಾಡಿ. ಅನುಮಾನ ಬಂದ ಪ್ರಶ್ನೆಗಳಿಗೆ ಗುರುತು ಹಾಕಿಕೊಳ್ಳಿ. ಸರಿಯುತ್ತರಗಳ ಕೀ ನೋಡದೆ, ಗುರುತು ಹಾಕಿದವನ್ನು ಟೈಮರ್ ಇಲ್ಲದೆ ಮತ್ತೊಮ್ಮೆ ಬಿಡಿಸಿ, ಎರಡೂ ಉತ್ತರ ಬರೆದಿಟ್ಟು, ಪಕ್ಕದಲ್ಲಿ ಒಂದು ವಾಕ್ಯದ ಕಾರಣ ಬರೆಯಿರಿ. ಇದೇ ಬ್ಲೈಂಡ್ ರಿವ್ಯೂ. ಎರಡನೇ ಸಲ ಸರಿಯಾದರೆ ತೊಂದರೆ ವೇಗದ್ದು, ಆಗಲೂ ತಪ್ಪಿದರೆ ತಿಳಿವಳಿಕೆಯದ್ದು. ಇವೆರಡಕ್ಕೂ ಮದ್ದು ಬೇರೆ ಬೇರೆ.

ಸೇರಿದಾಗ ಉತ್ತರ ಭಿನ್ನವಾಗಿರುವ ಪ್ರಶ್ನೆಗಳನ್ನಷ್ಟೇ ಎತ್ತಿಕೊಳ್ಳಿ, ಒಂದಕ್ಕೆ ಎಂಟು ನಿಮಿಷ ಸಾಕು. ಒಂದು ಆಯ್ಕೆ ತಪ್ಪು ಎನ್ನುವವರು ಅದನ್ನು ಕೆಡಿಸುವ ಪದ ಯಾವುದೆಂದು ಬೆರಳಿಟ್ಟು ತೋರಿಸಲೇಬೇಕು. ‘ಯಾಕೋ ಸರಿ ಅನ್ನಿಸಲಿಲ್ಲ’ ಅನ್ನುವುದನ್ನು ಒಪ್ಪಬೇಡಿ. ಕೀ ತೆರೆಯುವುದು ಕೊನೆಗೆ. ನಾಲ್ವರೂ ಒಂದೇ ತಪ್ಪು ಉತ್ತರ ಆರಿಸಿದ ಪ್ರಶ್ನೆಗಳು ಆಗಲೇ ಹೊರಬೀಳುತ್ತವೆ, ಅವಕ್ಕೆ ಕೊನೆಯ ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ.

ಉತ್ತರ 2

ಅಸಂಪ್ಷನ್ ಬಗ್ಗೆ. ನೆಸೆಸರಿ (ಇದಿಲ್ಲದೆ ವಾದ ನಿಲ್ಲದು) ಮತ್ತು ಸಫಿಶಿಯಂಟ್ (ಇದಿದ್ದರೆ ತೀರ್ಮಾನ ಖಚಿತ) ಎರಡನ್ನೂ ಒಂದೇ ರೀತಿ ಬಿಡಿಸುತ್ತಿದ್ದೀರಿ ಅನ್ನಿಸುತ್ತದೆ. ಉದಾಹರಣೆಗೆ, ‘ಗ್ರಂಥಾಲಯವನ್ನು ರಾತ್ರಿಯೂ ತೆರೆದಿಟ್ಟ ಮೇಲೆ ಎರವಲು ಹೆಚ್ಚಿತು, ಹಾಗಾಗಿ ಆ ಹೆಚ್ಚಳಕ್ಕೆ ರಾತ್ರಿ ತೆರೆದಿಟ್ಟದ್ದೇ ಕಾರಣ’ ಎಂಬ ವಾದ ಇದೆ ಎನ್ನಿ.

‘ಆ ಹೆಚ್ಚಳ ಪೂರ್ತಿಯಾಗಿ ಬೇರೊಂದು ಕಾರಣದಿಂದ ಬಂದದ್ದಲ್ಲ’ ಎಂಬ ಆಯ್ಕೆಯನ್ನು ನಿರಾಕರಿಸಿ, ಅಂದರೆ ಸುಳ್ಳು ಎಂದುಕೊಂಡು, ನೋಡಿ: ವಾದ ಕುಸಿಯುತ್ತದೆ. ಇದು ನೆಸೆಸರಿ. ‘ರಾತ್ರಿ ತೆರೆದಿಡುವ ಎಲ್ಲ ಗ್ರಂಥಾಲಯಗಳಲ್ಲೂ ಎರವಲು ಹೆಚ್ಚುತ್ತದೆ’ ಎಂಬುದನ್ನು ನಿರಾಕರಿಸಿದರೆ ‘ಎಲ್ಲೋ ಒಂದರಲ್ಲಿ ಹೆಚ್ಚುವುದಿಲ್ಲ’ ಅಂತಾಗುತ್ತದೆ, ಈ ಗ್ರಂಥಾಲಯದ ವಾದಕ್ಕೆ ಅದರಿಂದ ಏನೂ ಆಗುವುದಿಲ್ಲ. ಅದು ಉತ್ತರವಲ್ಲ. ‘ಎಲ್ಲ’ ಎಂಬುದರ ನಿರಾಕರಣೆ ‘ಯಾವುದೂ ಇಲ್ಲ’ ಅಲ್ಲ, ‘ಎಲ್ಲವೂ ಅಲ್ಲ’. ಬಹುಪಾಲು ತಪ್ಪು ಇಲ್ಲೇ ಆಗುವುದು.

ಸಫಿಶಿಯಂಟ್‌ನಲ್ಲಿ ನಿರಾಕರಣೆ ಕೆಲಸಕ್ಕೆ ಬಾರದು. ಅಲ್ಲಿ ಆಯ್ಕೆಯನ್ನು ಕೊಟ್ಟ ಆಧಾರಗಳಿಗೆ ಸೇರಿಸಿ, ತೀರ್ಮಾನ ಖಚಿತವಾಗಿ ಹೊರಡುತ್ತದೆಯೇ ನೋಡಬೇಕು. ಗಟ್ಟಿ ಪದಗಳಿಗೆ ಅಲ್ಲಿ ಹೆದರಬೇಕಿಲ್ಲ.

ಚರ್ಚೆ ಕನ್ನಡದಲ್ಲಿ ಮಾಡಿ, ಒಳ್ಳೆಯದೇ. ‘ಓನ್ಲಿ ಇಫ್’ ಅನ್ನು ‘ಅರ್ಜಿ ಕೊಟ್ಟಿದ್ದರೆ ಮಾತ್ರ ಪ್ರವೇಶ’ ಎಂದು ಹೇಳಿಕೊಂಡರೆ, ಪ್ರವೇಶ ಸಿಕ್ಕಿದೆ ಎಂದರೆ ಅರ್ಜಿ ಕೊಟ್ಟಿರಲೇಬೇಕು, ಅರ್ಜಿ ಕೊಟ್ಟವರಿಗೆಲ್ಲ ಪ್ರವೇಶ ಸಿಗಬೇಕೆಂದಿಲ್ಲ ಎಂಬುದು ತಾನಾಗಿ ಹೊಳೆಯುತ್ತದೆ. ಆಯ್ಕೆಯನ್ನು ಮಾತ್ರ ಇಂಗ್ಲಿಷ್‌ನಲ್ಲಿ ಇದ್ದಹಾಗೇ ಓದಿ. ‘ಸಮ್’ ಎಂದರೆ ಕನಿಷ್ಠ ಒಂದು, ‘ಮೋಸ್ಟ್’ ಎಂದರೆ ಅರ್ಧಕ್ಕಿಂತ ಹೆಚ್ಚು. ಕನ್ನಡದ ‘ಕೆಲವು’, ‘ಬಹಳಷ್ಟು’ ಬಳಸಿದರೆ ಈ ಗೆರೆ ಅಳಿಸಿಹೋಗುತ್ತದೆ.

ಉತ್ತರ 3

ಹಳೆಯ ಪುಸ್ತಕ ಹಂಚಿಕೊಂಡು ಓದುತ್ತಿದ್ದರೆ ಗಮನಿಸಿ: 2024ರ ಆಗಸ್ಟ್‌ನಿಂದ ಲಾಜಿಕ್ ಗೇಮ್ಸ್ (ನಿಯಮಗಳಿಗೆ ತಕ್ಕಂತೆ ಜೋಡಿಸುವ ಒಗಟಿನ ಸೆಕ್ಷನ್) ಇಲ್ಲ. ಈಗ ಅಂಕಕ್ಕೆ ಎರಡು ಲಾಜಿಕಲ್ ರೀಸನಿಂಗ್, ಒಂದು ರೀಡಿಂಗ್ ಕಾಂಪ್ರಹೆನ್ಶನ್. ಜೊತೆಗೆ ಲೆಕ್ಕಕ್ಕೆ ಬಾರದ ಒಂದು ಸೆಕ್ಷನ್, ಅದು ಯಾವುದೆಂದು ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ಆದ್ದರಿಂದ ಎರಡು ವಾರಕ್ಕೊಮ್ಮೆ ನಾಲ್ಕು ಸೆಕ್ಷನ್‌ಗಳನ್ನೂ, ಎರಡನೆಯದರ ನಂತರ 10 ನಿಮಿಷದ ಬಿಡುವು ಕೊಟ್ಟು, ಒಂದೇ ಹೊತ್ತಿಗೆ ಎಲ್ಲರೂ ಮಾಡಿ. ತಪ್ಪಿಗೆ ಅಂಕ ಕಡಿತವಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ. ಇತ್ತೀಚಿನ ಪ್ರೆಪ್‌ಟೆಸ್ಟ್‌ಗಳನ್ನು (ಅಧಿಕೃತ ಅಭ್ಯಾಸ ಪರೀಕ್ಷೆಗಳು) ಬಿಡಿಬಿಡಿಯಾಗಿ ಅಭ್ಯಾಸ ಮಾಡಿ ಖರ್ಚು ಮಾಡದೆ ಕೊನೆಯ ತಿಂಗಳಿಗೆ ಉಳಿಸಿ.

ನಾಲ್ವರ ಪರೀಕ್ಷೆ ಬೇರೆ ಬೇರೆ ದಿನ ಬಿದ್ದರೆ, ಮೊದಲು ಬರೆದವರನ್ನು ‘ಯಾವ ಪ್ಯಾಸೇಜ್ ಬಂತು’ ಎಂದು ಕೇಳಬೇಡಿ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಎಂದು ಪ್ರತಿಯೊಬ್ಬರೂ ಒಪ್ಪಿಕೊಂಡೇ ಬರೆದಿರುತ್ತಾರೆ. ಅದನ್ನು ಮುರಿದರೆ ವಿಷಯ ಲಾ ಸ್ಕೂಲ್‌ಗಳವರೆಗೂ ಹೋಗಬಹುದು.