ಸಹಾಯ ಬೇಕು: ಕಾರ್ಡ್ ಬೀಗವಿರುವ ಬಾಗಿಲನ್ನು ತುರ್ತು ನಿರ್ಗಮನ ನಕ್ಷೆಯಲ್ಲಿ ತೋರಿಸಬಹುದೇ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಬಾಡಿಗೆ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿರುವ ನಮ್ಮ ಕಚೇರಿಗೆ ತುರ್ತು ನಿರ್ಗಮನ ನಕ್ಷೆಗಳನ್ನು ಹೊಸದಾಗಿ ಮಾಡಿಸುವ ಹೊಣೆ ನನ್ನ ಮೇಲಿದೆ. ಹಳೆಯ ನಕ್ಷೆ ಎಲ್ಲ ಗೋಡೆಗಳ ಮೇಲೂ ಒಂದೇ ದಿಕ್ಕಿನಲ್ಲಿದ್ದುದರಿಂದ, ಎದುರು ಗೋಡೆಯ ಮುಂದೆ ನಿಂತವರಿಗೆ ಎಡಗಡೆಯ ಮೆಟ್ಟಿಲು ಬಲಕ್ಕೆ ಕಾಣುತ್ತಿತ್ತು. ಐಎಸ್‌ಒ 23601 ಎಂಬ, ಇಂಥ ನಕ್ಷೆಗಳ ಅಂತರರಾಷ್ಟ್ರೀಯ ಮಾನದಂಡ ಹೇಳುವಂತೆ, ನೋಡುವವರು ನಿಂತ ದಿಕ್ಕಿಗೆ ಹೊಂದುವ ಹಾಗೆ ಪ್ರತಿಯೊಂದನ್ನೂ ತಿರುಗಿಸಿ ಬರೆಸಿ, ‘ನೀವು ಇಲ್ಲಿದ್ದೀರಿ’ ಎಂಬ ಗುರುತನ್ನೂ ಹಾಕಿಸಿದ್ದೇನೆ. ಅಷ್ಟು ಸರಿಹೋಯಿತು.

ತೊಡಕಿರುವುದು ಎರಡನೇ ಮೆಟ್ಟಿಲಿನ ವಿಷಯದಲ್ಲಿ. ಅಲ್ಲಿಗೆ ಹೋಗುವ ದಾರಿಯಲ್ಲಿ ಪಕ್ಕದ ಕಚೇರಿಯ ಗಾಜಿನ ಬಾಗಿಲಿದ್ದು, ಅದರ ಆಯಸ್ಕಾಂತದ ಬೀಗ ಅವರ ಕಾರ್ಡಿಗೆ ಮಾತ್ರ ತೆರೆಯುತ್ತದೆ. ಫೈರ್ ಅಲಾರಂ ಹೊಡೆದೊಡನೆ ಬೀಗ ತಾನಾಗಿ ಬಿಡುತ್ತದೆ ಎಂದು ಕಟ್ಟಡದ ಮೇಲ್ವಿಚಾರಕರು ಹೇಳುತ್ತಾರೆ. ಪರೀಕ್ಷಿಸಿ ತೋರಿಸಿ ಎಂದು ಲಿಖಿತವಾಗಿ ಕೇಳಿದರೂ ಇಂದು ನಾಳೆ ಎಂದು ಮುಂದೂಡುತ್ತಿದ್ದಾರೆ. ಪಕ್ಕದ ಕಚೇರಿಯವರು ಮಾಲೀಕರತ್ತ ಕೈ ತೋರಿಸುತ್ತಾರೆ. 2010ರಲ್ಲಿ ಇದೇ ಊರಿನ ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ ಒಂಬತ್ತು ಜನ ಪ್ರಾಣ ಕಳೆದುಕೊಂಡದ್ದನ್ನು ನೆನೆದರೆ, ತೆರೆಯುತ್ತದೆಯೋ ಇಲ್ಲವೋ ತಿಳಿಯದ ಬಾಗಿಲಿನತ್ತ ಹಸಿರು ಬಾಣ ಬರೆಸಲು ನನಗೆ ಧೈರ್ಯ ಬರುತ್ತಿಲ್ಲ. ಆ ದಾರಿಯನ್ನು ಕೈಬಿಟ್ಟರೆ ಲಿಫ್ಟಿನ ಪಕ್ಕದ ಒಂದೇ ಮೆಟ್ಟಿಲು ಉಳಿಯುತ್ತದೆ. ಅಲ್ಲಿ ಹೊಗೆ ತುಂಬಿದರೆ ನಮ್ಮವರಿಗೆ ಬೇರೆ ದಾರಿಯೇ ಇರುವುದಿಲ್ಲ.

ಅಗ್ನಿ ಸುರಕ್ಷತೆಯ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ: ಬೀಗದ ಪರೀಕ್ಷೆ ಆಗುವ ತನಕ ಆ ದಾರಿಯನ್ನು ನಕ್ಷೆಯಲ್ಲಿ ತೋರಿಸಬೇಕೇ, ಬಿಡಬೇಕೇ? ಪರೀಕ್ಷೆ ಮಾಡಿಸುವಂತೆ ಮಾಲೀಕರಿಗೆ ಸೂಚನೆ ಹೋಗಬೇಕಾದರೆ ಬಾಡಿಗೆದಾರರಾದ ನಾವು ಯಾರಿಗೆ ಅರ್ಜಿ ಕೊಡಬೇಕು?